ಅಂಟಮ್ಮನ ಓಟದ ಶೂ

ಆ ಬೀದಿಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಅಂಟಮ್ಮನ ಮನೆ ಯಾವುದು ಅಂದರೆ ಚಿಕ್ಕ ಮಕ್ಕಳೂ ಕೈಹಿಡಿದು ತಂದು ಬಿಡುತ್ತಿದ್ದವು. ಗಂಡ ಚಪ್ಪಲಿ ಹೊಲಿಯುವವನು. ಅವನು ಕತ್ತರಿಸಿಟ್ಟ ತೊಗಲಿಗೆ ಅಂಟು ಬಳಿದು, ಪದರದ ಮೇಲೆ ಪದರ ಕೂರಿಸಿ, ಸುತ್ತಿಗೆಯಲ್ಲಿ ತಟ್ಟಿ ಅಟ್ಟೆ ಮಾಡುವುದು ಇವಳ ಕೆಲಸ. ಮದುವೆಯಾಗಿ ಬಂದ ಹೊಸದರಲ್ಲಿ ಬೆರಳಿಗೆ ಹತ್ತಿದ ಅಂಟು ಎಷ್ಟು ಉಜ್ಜಿದರೂ ಪೂರ್ತಿ ಹೋಗಲಿಲ್ಲ. "ಬಸ್ಸಲ್ಲಿ ಇವಳ ಕೈಗೆ ಟಿಕೆಟ್ ಕೊಟ್ಟರೆ ಇಳಿಯೋ ತನಕ ಕಳೆದುಹೋಗಲ್ಲ" ಅಂತ ಗಂಡ ಕಂಡಕಂಡವರ ಮುಂದೆ ತಮಾಷೆ ಮಾಡುತ್ತಿದ್ದ. ಹಾಗೆ ಬಂದ ಹೆಸರು ಅದು.

ಗಂಡನಿಗೂ ಬೀದಿಯೇ ಇಟ್ಟ ಹೆಸರೊಂದಿತ್ತು, ಅಳತೆಯಪ್ಪ. ಬಾಗಿಲಿಗೆ ಬಂದವರ ಮುಖ ನೋಡುವವನಲ್ಲ, ಕಣ್ಣು ಮೊದಲು ಕಾಲಿನ ಮೇಲೆ. "ಬಲಗಾಲು ಎಳೆದು ಹಾಕ್ತೀರಿ" ಅಂತಲೋ, "ನಿಮ್ಮ ಹೆಬ್ಬೆರಳಿಗೆ ಸ್ವಲ್ಪ ಜಂಬ ಜಾಸ್ತಿ, ಎಲ್ಲರಿಗಿಂತ ಮುಂದೆ ನಿಂತಿದೆ" ಅಂತಲೋ ಹೇಳಿ ನಗಿಸುತ್ತಿದ್ದ. ಆಮೇಲೆಯೇ "ಬನ್ನಿ, ಕೂತ್ಕೊಳ್ಳಿ" ಅನ್ನುವುದು. ಮನೆಯ ಮುಂದಿನ ಕೋಣೆಯೇ ಅಂಗಡಿ. ಕಿಟಕಿಯ ಬೆಳಕು ಬೀಳುವ ಕಡೆ ಅವನ ಮಣೆ. ಹಿಂದೆ ಗೋಡೆಗೆ ಒರಗಿಸಿದ ಹಲಗೆಯ ಮೇಲೆ ಕಾಲಿನ ಆಕಾರದ ಮರದ ಅಚ್ಚುಗಳು, ಸಣ್ಣದರಿಂದ ದೊಡ್ಡದಕ್ಕೆ, ಶಾಲೆಯ ಮಕ್ಕಳು ಸಾಲು ನಿಂತ ಹಾಗೆ.

ಅವನ ಕಸುಬಿನಲ್ಲಿ ಒಂದು ನೇಮ ಇತ್ತು. ಹೊಸ ಚಪ್ಪಲಿ ಮೊದಲು ಬಿಗಿಯಾಗಿಯೇ ಇರಬೇಕು. "ತೊಗಲು ಅಲ್ವಾ, ಹಿಗ್ಗುತ್ತೆ. ಈಗ ಹಾಯಾಗಿದ್ದರೆ ಮುಂದಿನ ತಿಂಗಳು ದೋಣಿ ಆಗುತ್ತೆ. ಕಚ್ಚಿದರೆ ಹರಳೆಣ್ಣೆ ಸವರಿ, ಸ್ವಲ್ಪ ದಿನ ತಡೀರಿ, ಪಳಗುತ್ತೆ." ಗಿರಾಕಿಗಳು ಕುಂಟುತ್ತಾ ಹೋಗುತ್ತಿದ್ದರು, ವಾರ ಕಳೆದ ಮೇಲೆ ನಗುತ್ತಾ ಬರುತ್ತಿದ್ದರು. ಮಾತು ಸುಳ್ಳಾಗಿದ್ದೇ ಇಲ್ಲ.

ಅಂಟಮ್ಮನಿಗೂ ಆ ಮಾತು ರಕ್ತದಲ್ಲಿ ಸೇರಿಹೋಗಿತ್ತು. ಬಂದ ಹೊಸದರಲ್ಲಿ ಇಬ್ಬರು ಒಟ್ಟಿಗೆ ತಿರುಗಲಾರದ ಅಡುಗೆಮನೆ ನೋಡಿ ಅವಳು ಮುಖ ಸಣ್ಣದು ಮಾಡಿಕೊಂಡಾಗ ಅವನು ಅಂದಿದ್ದು "ಪಳಗುತ್ತೆ ಬಿಡು" ಅಂತ. ಅತ್ತೆಯ ಬಾಯಿಗೂ ಅದೇ ಮದ್ದು. ಹೊಗೆಯಂತೆ ತಲೆಗೆ ಏರುವ ಅಂಟಿನ ವಾಸನೆಗೂ ಅದೇ. ಅಡುಗೆಮನೆ ಹಿಗ್ಗಲಿಲ್ಲ, ಅತ್ತೆಯೂ ಹಿಗ್ಗಲಿಲ್ಲ, ಪಳಗಿದ್ದು ಇವಳೇ. ಆದರೆ ಅದನ್ನು ದುಃಖ ಅಂತ ಅವಳು ಎಣಿಸಿರಲಿಲ್ಲ. ಗಂಡ ಕೆಟ್ಟವನಲ್ಲ, ಕುಡಿಯುವವನಲ್ಲ, ನಗಿಸುವವನು. ಕೈಹಿಡಿದ ದಿನದಿಂದ ಅವಳ ಕಾಲಿಗೆ ಅವನು ಹೊಲಿದ ಚಪ್ಪಲಿಯಲ್ಲದೆ ಬೇರೆ ಬಿದ್ದದ್ದಿಲ್ಲ. ಬೀದಿಯ ಹೆಂಗಸರು ಅದನ್ನು ನೋಡಿ ಹೊಟ್ಟೆ ಉರಿಸಿಕೊಂಡದ್ದೂ ಉಂಟು.

ಮಗ ದೊಡ್ಡವನಾಗಿ ಬಸ್ಸು ಓಡಿಸುವ ಕೆಲಸ ಹಿಡಿದ, ಸೊಸೆ ಬಂದಳು, ಮೊಮ್ಮಗು ಹುಟ್ಟಿತು. ಆಮೇಲೆ ಅಂಟಮ್ಮನಿಗೆ ಶುಗರ್ ಬಂತು.

"ಕೂತು ಕೂತು ಬಂದಿದೆ ನಿಮಗೆ" ಅಂದರು ಡಾಕ್ಟರಮ್ಮ. "ಮಾತ್ರೆ ಕೊಡ್ತೀನಿ. ಆದರೆ ದಿನಾ ಬೆಳಿಗ್ಗೆ ಕೈ ಬೀಸಿ ನಡೀಬೇಕು."

"ಕೈ ಬೀಸಿದರೆ ಸಕ್ಕರೆ ಇಳಿಯುತ್ತಾ ಡಾಕ್ಟರಮ್ಮ?"

"ಕಾಲೂ ಬೀಸಿ."

ನಡಿಗೆಗೆ ಜೊತೆಯಾದವಳು ಎದುರು ಮನೆಯ ಟೈಲರಕ್ಕ. ಅವಳಿಗೂ ಹೊಲಿಗೆ ಮಿಷನ್ ಮುಂದೆ ಕೂತು ಕೂತು ಸೊಂಟ ಹಿಡಿದುಕೊಂಡಿತ್ತು. ಇಬ್ಬರೂ ಬೆಳಗಾಗುತ್ತಲೇ ಶಾಲೆಯ ಮೈದಾನಕ್ಕೆ ಹೋಗಿ ಸುತ್ತು ಹಾಕುತ್ತಿದ್ದರು. ಕಾಲಿಗಿಂತ ಬಾಯಿಗೇ ಹೆಚ್ಚು ಕೆಲಸ. ಯಾರ ಮನೆಯ ರವಿಕೆ ಯಾಕೆ ಬಿಗಿಯಾಯಿತು, ಯಾರು ಹೊಲಿಸಿಕೊಂಡ ಬಟ್ಟೆಯನ್ನು ಕೇಳುವುದಕ್ಕೂ ಬರಲಿಲ್ಲ, ಎಲ್ಲಾ ಸುದ್ದಿ ಅಲ್ಲೇ ಇತ್ಯರ್ಥವಾಗುತ್ತಿತ್ತು.

ಒಂದು ದಿನ ಗೇಟಿನ ಹತ್ತಿರ ಮಲಗಿದ್ದ ನಾಯಿಗೆ ಏನನ್ನಿಸಿತೋ, ಎದ್ದು ಇವರ ಹಿಂದೆ ಬಿತ್ತು. ಇಬ್ಬರೂ ಸೀರೆ ಎತ್ತಿಕೊಂಡು ಓಟ ಕಿತ್ತರು. ಅರ್ಧ ಮೈದಾನ ಬರುವಷ್ಟರಲ್ಲಿ ನಾಯಿಗೇ ಸಾಕಾಯಿತು, ಬಾಲ ಮುದುರಿ ವಾಪಸು ಹೋಯಿತು. ಟೈಲರಕ್ಕ ಮೊಣಕಾಲು ಹಿಡಿದು ಏದುಸಿರು ಬಿಡುತ್ತಾ ನಿಂತಳು. ನೋಡಿದರೆ ಅಂಟಮ್ಮ ಓಡುತ್ತಲೇ ಇದ್ದಾಳೆ!

"ನಾಯಿ ಹೋಯ್ತು ಕಣೇ, ನಿಲ್ಲು!"

"ಗೊತ್ತು!"

"ಮತ್ತೆ ಯಾಕೆ ಓಡ್ತೀಯೇ?"

ಅಂಟಮ್ಮ ಪೂರ್ತಿ ಒಂದು ಸುತ್ತು ಮುಗಿಸಿ ಬಂದು, ಕೆಂಪಗಾದ ಮುಖದಲ್ಲಿ ನಗುತ್ತಾ ನಿಂತಳು. "ಚೆನ್ನಾಗಿತ್ತು" ಅಂದಳು ಅಷ್ಟೆ.

ಏನು ಚೆನ್ನಾಗಿತ್ತು ಅಂತ ಆಮೇಲೆ ಅಟ್ಟೆ ತಟ್ಟುತ್ತಾ ಯೋಚಿಸಿದಳು. ಮನೆಯಲ್ಲಿ ಕಿವಿಗೆ ಬೀಳುವ ಸದ್ದೆಲ್ಲ ಯಾರದೋ ಒಬ್ಬರದು. ಗಂಡನ ಸುತ್ತಿಗೆಯದು, ಕುಕ್ಕರಿನದು, ಮೊಮ್ಮಗುವಿನ ಅಳುವಿನದು, ಬಾಗಿಲಲ್ಲಿ ನಿಂತ ಗಿರಾಕಿಯದು. ಪ್ರತಿಯೊಂದೂ ಅವಳನ್ನು ಎದ್ದು ಬಾ ಅನ್ನುತ್ತಿತ್ತು. ಓಡುವಾಗ ಕೇಳಿದ್ದು ಅವಳ ಉಸಿರು ಒಂದೇ. ಆ ಹೊತ್ತಿನಲ್ಲಿ ಯಾರಿಗೂ ಅವಳಿಂದ ಏನೂ ಬೇಕಾಗಿರಲಿಲ್ಲ.

ಮಾರನೆಯ ದಿನ ನಾಯಿ ಇಲ್ಲದೆಯೇ ಓಡಿದಳು. ಹಾಗೇ ರೂಢಿಯಾಯಿತು. ಸೀರೆ ಕಾಲಿಗೆ ತೊಡರುತ್ತದೆ ಅಂತ ಸೊಸೆ ತನ್ನ ಚೂಡಿದಾರ ಕೊಟ್ಟಳು, ಟೈಲರಕ್ಕ ಅದರ ಸೊಂಟ ಬಿಚ್ಚಿ ದೊಡ್ಡದು ಮಾಡಿಕೊಟ್ಟಳು. ತಿಂಗಳುಗಳು ಉರುಳಿದ ಮೇಲೆ ಡಾಕ್ಟರಮ್ಮ ರಕ್ತದ ಚೀಟಿ ನೋಡಿ ಹುಬ್ಬು ಏರಿಸಿ "ಪರವಾಗಿಲ್ಲವೇ!" ಅಂದರು. ಆ ಒಂದು ಮಾತನ್ನು ಅವಳು ಬೀದಿಯ ತುಂಬ ಹಂಚಿಕೊಂಡು ಬಂದಳು.

ತೊಂದರೆ ಶುರುವಾದದ್ದು ಚಪ್ಪಲಿಯಿಂದ. ನಡೆಯುವುದಕ್ಕೆ ಮಾಡಿದ್ದು ಓಟಕ್ಕೆ ತಡೆಯಲಿಲ್ಲ. ಹೆಬ್ಬೆರಳು ತೂರಿಸುವ ಉಂಗುಷ್ಟ ಕಿತ್ತುಬಂತು. ಅಳತೆಯಪ್ಪ ಹಿಂದೆ ಬಾರು ಹಾಕಿ, ಅಟ್ಟೆ ದಪ್ಪ ಮಾಡಿ ಬೇರೆ ಜೊತೆ ಹೊಲಿದ. ಅದು ಇಟ್ಟಿಗೆ ಕಟ್ಟಿಕೊಂಡ ಹಾಗಿತ್ತು.

"ಮಾವ, ಓಡೋದಕ್ಕೆ ಅಂತಲೇ ಶೂ ಬರುತ್ತೆ. ಮೆತ್ತಗಿರುತ್ತೆ, ಹಗುರ" ಅಂದಳು ಸೊಸೆ.

"ಹಗುರ ಯಾಕಿರಲ್ಲ? ಅದರಲ್ಲಿ ಏನಿದೆ ಅಂತ! ಸ್ಪಂಜು, ಬಟ್ಟೆ. ನನ್ನ ಕೈ ಏನು ಸೊಟ್ಟ ಹೋಗಿದೆಯಾ, ನನ್ನ ಹೆಂಡತಿ ಬೇರೆಯವರ ಅಂಗಡಿಗೆ ಹೋಗಿ ಕಾಲು ಕೊಡೋದಕ್ಕೆ?"

"ಕಾಲು ಕೊಟ್ಟು ಬರಲ್ಲ ಮಾವ, ವಾಪಸು ತರ್ತೀವಿ."

ಅವನಿಗೆ ನಗು ಬಂತು, ನಕ್ಕಮೇಲೆ ಬೇಡ ಅನ್ನುವುದು ಕಷ್ಟ. "ಹೋಗಿ, ಹೋಗಿ. ನಾನು ಮಾತ್ರ ಆ ಮೆಟ್ಟಿಲು ಹತ್ತಲ್ಲ" ಅಂದ. ಅತ್ತೆ ಸೊಸೆ ಬೀದಿಯ ತಿರುವಿಗೆ ಹೋದಾಗ ಹಿಂದಿನಿಂದ ಕೂಗಿದ. "ಬಿಗಿಯಾಗಿರೋದೇ ತಗೋ! ಸಡಿಲ ತಂದರೆ ಒಳಗೆ ಸೇರಿಸಲ್ಲ!"

ಬೆಳಿಗ್ಗೆ ಅಂಗಡಿ ತೆರೆಯುವ ಹೊತ್ತಿಗೇ ಹೋದರು. ಅಂಗಡಿಯ ಹುಡುಗಿ ಒಂದು ಜೊತೆ ಹಾಕಿಸಿ, ತುದಿಯನ್ನು ಒತ್ತಿ ನೋಡಿ ತಲೆ ಆಡಿಸಿದಳು. "ಆಂಟಿ, ಇದು ಬೆರಳಿಗೆ ತಾಗುತ್ತೆ. ಇದಕ್ಕಿಂತ ದೊಡ್ಡದು ಕೊಡ್ತೀನಿ."

"ಬೇಡಮ್ಮ, ಇದೇ ಇರಲಿ. ಪಳಗುತ್ತೆ."

"ಇದು ಹಿಗ್ಗಲ್ಲ ಆಂಟಿ. ಓಡುವಾಗ ಕಾಲು ಊದುತ್ತೆ, ಇದು ಇದ್ದ ಹಾಗೇ ಇರುತ್ತೆ."

ಅಂಟಮ್ಮ ತನ್ನ ಬೆರಳು ತೋರಿಸಿ ನಕ್ಕಳು. "ನೋಡು ತಾಯಿ, ಈ ಅಂಟು ನಿನ್ನ ವಯಸ್ಸಿಗಿಂತ ಹಳೇದು. ಚಪ್ಪಲಿ ಮಾಡೋದೇ ನಮ್ಮ ಕಸುಬು." ಸೊಸೆ ದುಡ್ಡು ತೆಗೆದುಕೊಟ್ಟಳು. ಚಪ್ಪಲಿಯ ವಿಷಯದಲ್ಲಿ ಆ ಮನೆಯಲ್ಲಿ ಅತ್ತೆ ಮಾವನಿಗೆ ಎದುರಾಡಿದವರಿಲ್ಲ.

ಮನೆಗೆ ಬಂದಾಗ ಅಳತೆಯಪ್ಪ ತುದಿ ಒತ್ತಿ ನೋಡಿ, "ಹಾಂ, ಚೆನ್ನಾಗಿ ಹಿಡಿದಿದೆ" ಅಂದ. ಮುಖದಲ್ಲಿ ಗೆಲುವು. ಮೊದಲ ಓಟಕ್ಕೇ ಕಿರುಬೆರಳು ಕಚ್ಚಿತು. ಅವನು ಸಂಭ್ರಮದಲ್ಲೇ ಹರಳೆಣ್ಣೆ ಸವರಿದ. ಬಟ್ಟೆಯ ಶೂ ಎಣ್ಣೆ ಹೀರಿಕೊಂಡು ಜಿಡ್ಡು ಹಿಡಿದ ತಲೆದಿಂಬಿನ ಹಾಗಾಯಿತು. ಇನ್ನೂ ಸಡಿಲವಾಗಲಿಲ್ಲ ಅಂತ ನೀರಲ್ಲಿ ನೆನೆಸಿ ದೊಡ್ಡ ಅಚ್ಚಿಗೆ ಏರಿಸಿ ಬಿಸಿಲಿಗಿಟ್ಟ. ಸಂಜೆ ನೋಡಿದರೆ ಮುಂಭಾಗದಲ್ಲಿ ಅಟ್ಟೆ ಬಾಯಿ ತೆರೆದಿತ್ತು. ಅಂಟಮ್ಮ ತನ್ನ ಡಬ್ಬಿಯ ಅಂಟು ಬಳಿದಳು, ಅವನು ಸುತ್ತಿಗೆಯಲ್ಲಿ ತಟ್ಟಿದ. ಮೆತ್ತಗಿರಲಿ ಅಂತ ತಂದ ಅಟ್ಟೆ ಹಲಗೆಯಾಯಿತು. ಅಂಟಿನ ಗಂಟು ಒಳಗಡೆ, ಕಿರುಬೆರಳಿನ ಪಕ್ಕದಲ್ಲೇ, ಸಣ್ಣ ಕಲ್ಲಿನ ಹಾಗೆ ಒಣಗಿ ಕೂತಿತು. ಗಂಡ ಹೆಂಡತಿ ಇಬ್ಬರಿಗೂ ತಾವು ಶೂವನ್ನು ರಿಪೇರಿ ಮಾಡಿದ ತೃಪ್ತಿ.

ಮತ್ತೆ ಓಡಿದಳು. ಈ ಸಲ ಕಚ್ಚಲೇ ಇಲ್ಲ.

"ನೋಡಿದೆಯಾ?" ಅಂದ ಅಳತೆಯಪ್ಪ.

"ಹೂಂ ರೀ, ಪಳಗಿತು" ಅಂದಳು ಅವಳು.

ಒಗೆಯುವ ಬಟ್ಟೆಯ ರಾಶಿಯಲ್ಲಿ ಅತ್ತೆಯ ಕಾಲುಚೀಲ ಎತ್ತಿದ ಸೊಸೆ ಬೆಚ್ಚಿದಳು. ಬೆರಳಿನ ಕಡೆ ರಕ್ತ ಒಣಗಿ ಗಟ್ಟಿಯಾಗಿತ್ತು. "ಅತ್ತೆ, ಕಾಲು ತೋರಿಸಿ" ಅಂತ ಓಡಿಬಂದಳು. ಕಿರುಬೆರಳ ಪಕ್ಕದ ಗುಳ್ಳೆ ಒಡೆದು, ಅದರ ಕೆಳಗೆ ಚರ್ಮ ಸುಲಿದು, ಕೆಂಪು ಮಾಂಸ ಕಾಣುತ್ತಿತ್ತು. ಅಂಟಮ್ಮ ಬಗ್ಗಿ ಅದನ್ನು ಬೇರೆ ಯಾರದೋ ಕಾಲು ಅನ್ನುವ ಹಾಗೆ ನೋಡಿದಳು.

"ನೋಯಲ್ವಾ ಅತ್ತೆ?"

"ಇಲ್ಲವೇ. ಅದೇ ನನಗೂ ಭಯ ಆಗ್ತಿದೆ."

ಡಾಕ್ಟರಮ್ಮ ಸಣ್ಣ ಸೂಜಿಯ ತುದಿಯಿಂದ ಪಾದವನ್ನು ಅಲ್ಲಲ್ಲಿ ಮುಟ್ಟಿ "ಇಲ್ಲಿ? ಇಲ್ಲಿ?" ಅಂತ ಕೇಳಿದರು. ಕೆಲವು ಕಡೆ ಅಂಟಮ್ಮನಿಗೆ ಏನೂ ಗೊತ್ತಾಗಲಿಲ್ಲ. ಸಕ್ಕರೆ ಕಾಯಿಲೆಯಲ್ಲಿ ಪಾದ ನೋವನ್ನು ಹೇಳುವುದನ್ನೇ ಮರೆಯುತ್ತದೆ ಅಂದರು. ಗಾಯ ಮಾಯುವ ತನಕ ಓಟ ಬಂದ್. "ಬೇಗ ಬಂದದ್ದು ಒಳ್ಳೇದಾಯ್ತು. ತಡ ಮಾಡಿದ್ದರೆ ಬೆರಳೇ ಕತ್ತರಿಸಬೇಕಾಗ್ತಿತ್ತು, ಆಮೇಲೆ ಕಾಲು. ಮುಂದೆ ಓಡೋದಾದರೆ ಸರಿಯಾದ ಶೂ ಬೇಕು. ಇನ್ನೊಂದು ಸಲ ಹೀಗೆ ಗಾಯ ಮಾಡ್ಕೊಂಡು ಬಂದರೆ ಓಟ ಪೂರ್ತಿ ಬಿಡಿ ಅಂತಲೇ ಹೇಳ್ತೀನಿ."

ಮನೆಯಲ್ಲಿ ಸೊಸೆಯಿಂದ ಆ ಮಾತನ್ನು ಕೇಳಿಸಿಕೊಂಡಾಗ ಅಳತೆಯಪ್ಪ ಕೈಯಲ್ಲಿದ್ದ ದಬ್ಬಳ ಕೆಳಗಿಟ್ಟ. ಆಮೇಲೆ, ತಮ್ಮ ಹೆದರಿಕೆ ಮುಚ್ಚಿಕೊಳ್ಳುವುದಕ್ಕೆ ಗಂಡಸರು ಏನು ಮಾಡುತ್ತಾರೋ ಅದನ್ನೇ ಮಾಡಿದ, ಗದರಿದ.

"ಸಾಕು ಈ ಓಟ. ವಯಸ್ಸಾದವಳು, ಮೊಮ್ಮಗು ಆಡಿಸ್ಕೊಂಡು ಮನೇಲಿರು. ನಡೆದರೂ ಸಾಕು ಅಂದಿಲ್ವಾ ಡಾಕ್ಟರಮ್ಮ?"

"ನಡಿಗೆ ಬೇರೆ, ಓಟ ಬೇರೆ."

"ಏನು ಬೇರೆ? ಎರಡಕ್ಕೂ ಅವೇ ಕಾಲು!"

ಅಂಟಮ್ಮ ಕಟ್ಟು ಹಾಕಿದ ಕಾಲನ್ನು ಎದುರಿನ ಮಣೆಯ ಮೇಲಿಟ್ಟುಕೊಂಡು ಕೂತಿದ್ದಳು. ಸಿಟ್ಟಿನಲ್ಲಿ ಅವಳ ದನಿ ಏರುವುದಿಲ್ಲ, ಇಳಿಯುತ್ತದೆ. "ರೀ, ಇಷ್ಟು ವರ್ಷದಲ್ಲಿ ನನಗೆ ಎಷ್ಟು ಜೊತೆ ಹೊಲಿದುಕೊಟ್ಟಿದ್ದೀರಿ. ಒಂದು ಸಲ ಕೇಳಿದ್ದೀರಾ, ಹೇಗಿದೆ ಅಂತ?"

"ಕೇಳೋದೇನು? ನಿನ್ನ ಕಾಲು ನನಗೆ ಗೊತ್ತಿಲ್ವಾ? ಕಣ್ಣು ಮುಚ್ಚಿ ಹೊಲೀತೀನಿ."

"ಕಾಲು ನೋಡ್ತೀರಿ. ಹಾಕ್ಕೊಂಡಾಗ ಮುಖ ನೋಡಿದ್ದೀರಾ?"

ಅವನು ದಬ್ಬಳ ಎತ್ತಿಕೊಂಡ, ಮತ್ತೆ ಕೆಳಗಿಟ್ಟ.

"ನಿಮ್ಮ ತಪ್ಪು ಒಂದೇ ಅಲ್ಲ" ಅಂದಳು ಅವಳು. "ಆ ಹುಡುಗಿ ಬಾಯಿಬಿಟ್ಟು ಹೇಳಿದಳು. ನಾನೇ ಕೇಳಲಿಲ್ಲ. ಕಚ್ಚಿದರೂ ತಡ್ಕೋಬೇಕು ಅಂತ ನನಗೂ ರೂಢಿಯಾಗಿಬಿಟ್ಟಿದೆ. ಆದರೆ ಓಟ ಬಿಡು ಅನ್ನಬೇಡಿ. ಈ ಮನೇಲಿ ನಾನು ಇನ್ನೇನೂ ಕೇಳಿಲ್ಲ."

ಆ ಮಾತಾದ ಮೇಲೆ ಮನೆಯಲ್ಲಿ ಕೆಲವು ದಿನ ಜಗಳವೂ ಇಲ್ಲ, ರಾಜಿಯೂ ಇಲ್ಲ. ಅಳತೆಯಪ್ಪ ಆ ಹಾಳಾದ ಶೂವನ್ನು ಬಿಚ್ಚಿ ಪದರ ಪದರವಾಗಿ ಮುಂದೆ ಹರಡಿಕೊಂಡು ಕೂತಿರುತ್ತಿದ್ದ. ಒಳಗಿನ ಸ್ಪಂಜನ್ನು ಹೆಬ್ಬೆರಳಲ್ಲಿ ಒತ್ತುವುದು, ಅದು ಮೇಲೆ ಬರುತ್ತದೆಯೋ ನೋಡುವುದು. ಸುತ್ತಿಗೆ ತಾಗಿದ ಕಡೆ ಅದು ಮೇಲೆ ಬರುತ್ತಿರಲಿಲ್ಲ. ಒಂದು ದಿನ ಚಪ್ಪಲಿ ಒಯ್ಯಲು ಬಂದ ಗಿರಾಕಿಯೊಬ್ಬ ಹಾಕಿಕೊಂಡು ನಿಂತಾಗ, ಅಳತೆಯಪ್ಪ ತಲೆಯೆತ್ತಿ "ಹೇಗಿದೆ?" ಅಂತ ಕೇಳಿದ. ಗಿರಾಕಿ ಗಾಬರಿಯಾದ. "ಯಾಕೆ, ಏನಾದರೂ ಹೆಚ್ಚುಕಮ್ಮಿ ಆಗಿದೆಯಾ?" ಅಂದ. ಒಳಗಡೆ ಪಾತ್ರೆ ತೊಳೆಯುತ್ತಿದ್ದ ಸೊಸೆ ಸೆರಗಲ್ಲಿ ನಗು ಮುಚ್ಚಿಕೊಂಡಳು.

ಗಾಯ ಮಾಯಿತು. ಹೊಸ ಚರ್ಮ ತೆಳ್ಳಗೆ, ಬೇರೆ ಬಣ್ಣದಲ್ಲಿ ಬಂದಿತ್ತು. ಡಾಕ್ಟರಮ್ಮ ನೋಡಿ ಸರಿ ಅಂದರು, ಹೊರಡುವಾಗ ಒಂದು ಮಾತು ಸೇರಿಸಿದರು. "ಓಡಿ ಬಂದ ಮೇಲೆ ದಿನಾ ಪಾದ ನೋಡಬೇಕು. ಅಡಿ, ಬೆರಳ ಸಂದಿ, ಎಲ್ಲಾ. ನಿಮಗೆ ಬಗ್ಗಿ ಕಾಣಲ್ಲ. ಮನೇಲಿ ಯಾರಾದರೂ ನೋಡಲಿ."

ಮತ್ತೆ ಅಂಗಡಿಗೆ ಹೊರಟಾಗ ಸೊಸೆಗಿಂತ ಮೊದಲು ಅಳತೆಯಪ್ಪ ಶರ್ಟು ಬದಲಿಸಿ ಬಾಗಿಲಲ್ಲಿ ನಿಂತಿದ್ದ. "ನೀನು ಮಗು ನೋಡ್ಕೋ, ನಾನು ಹೋಗ್ತೀನಿ" ಅಂದ. ಈ ಸಲ ಸಂಜೆ ಹೋದರು. ಸಂಜೆಗೆ ಕಾಲು ಸ್ವಲ್ಪ ಊದಿರುತ್ತದೆ, ಆವಾಗಲೇ ಅಳತೆ ನೋಡಬೇಕು ಅಂತ ಸೊಸೆ ಆ ಹುಡುಗಿಯನ್ನೇ ಕೇಳಿಕೊಂಡು ಬಂದಿದ್ದಳು.

ಅಂಗಡಿಯ ಮೆಟ್ಟಿಲಲ್ಲಿ ಅವನು ಒಂದು ಗಳಿಗೆ ನಿಂತ. ಒಳಗೆ ಗೋಡೆಯ ತುಂಬ ಶೂ, ಮೇಲಿಂದ ಬಿಳಿ ಬೆಳಕು. ತೊಗಲಿನ ವಾಸನೆಯೇ ಇಲ್ಲದ ಚಪ್ಪಲಿ ಅಂಗಡಿ ಅವನು ನೋಡಿದ್ದು ಅದೇ ಮೊದಲು. ಹುಡುಗಿ ಗುರುತು ಹಿಡಿದಳು. "ಆಂಟಿ, ಪಳಗಿತಾ?"

"ಇಲ್ಲ ಕಣಮ್ಮ. ನೀನು ಹೇಳಿದ್ದೇ ನಿಜ" ಅಂದಳು ಅಂಟಮ್ಮ.

"ಇವರು ಯಾರು?"

"ಪಳಗುತ್ತೆ ಅಂದವರು."

ಹುಡುಗಿ ನಕ್ಕಳು, ಅಳತೆಯಪ್ಪನೂ ನಗಬೇಕಾಯಿತು. ಓಡುವಾಗ ಹಾಕುವ ದಪ್ಪ ಕಾಲುಚೀಲವನ್ನೇ ಹಾಕಿಸಿ, ನಿಲ್ಲಿಸಿ, ಎರಡೂ ಪಾದದ ಅಳತೆ ತೆಗೆದಳು. ಎಡಗಾಲು ಬಲಗಾಲಿಗಿಂತ ಕೊಂಚ ದೊಡ್ಡದು. ಅದು ಅಳತೆಯಪ್ಪನಿಗೆ ಮೊದಲಿನಿಂದ ಗೊತ್ತು. ಅವನು ಬೆಂಚಿನ ಮೇಲೆ ಕೂತು ಎರಡೂ ಕೈ ತೊಡೆಯ ಕೆಳಗೆ ಸೇರಿಸಿಕೊಂಡಿದ್ದ. ಹೊರಗೆ ಬಿಟ್ಟರೆ ಅವು ತಾವಾಗಿ ಹೋಗಿ ಶೂವಿನ ತುದಿ ಒತ್ತುತ್ತವೆ ಅಂತ ಅವನಿಗೆ ಅನುಮಾನ.

ದೊಡ್ಡ ಕಾಲಿಗೆ ತಕ್ಕ ಅಳತೆ ಹಾಕಿಸಿದಳು ಹುಡುಗಿ. ನಿಂತಾಗ ಉದ್ದದ ಬೆರಳಿನ ಮುಂದೆ ಹೆಬ್ಬೆರಳಿನ ಅಗಲದಷ್ಟು ಜಾಗ ಉಳಿಯಬೇಕು, ಹಿಮ್ಮಡಿ ಜಾರಬಾರದು, ಅಗಲದಲ್ಲಿ ಬೆರಳು ಹರಡುವ ಹಾಗಿರಬೇಕು. ಮೊದಲನೆಯದರಲ್ಲಿ ಹಿಮ್ಮಡಿ ಜಾರಿತು. ಎರಡನೆಯದು ಮೆತ್ತಗೆ ಹಾಸಿಗೆಯ ಹಾಗಿತ್ತು, ಆದರೆ ಕಾಲು ಹೊರಳುತ್ತಿತ್ತು. ಮೂರನೆಯದು ಗಿಳಿಹಸಿರು, ಕಣ್ಣು ಕುಕ್ಕುವ ಬಣ್ಣ. ಅಳತೆಯಪ್ಪ ಮುಖ ಹಿಂಡಿದ. "ಇದನ್ನ ಹಾಕ್ಕೊಂಡು ಓಡಿದರೆ ಆ ನಾಯಿ ತಾನೇ ಹೆದರಿ ಓಡುತ್ತೆ" ಅಂದ.

"ಬಣ್ಣ ಕಾಲಿಗೆ ಕಾಣಲ್ಲ, ಸುಮ್ಮನಿರಿ" ಅಂದಳು ಅವಳು.

"ಸ್ವಲ್ಪ ಓಡಿ ನೋಡಿ ಆಂಟಿ, ಇಲ್ಲೇ ಹೊರಗೆ" ಅಂದಳು ಹುಡುಗಿ.

ಅಂಗಡಿಗಳ ಮುಂದಿನ ಉದ್ದನೆಯ ಜಗಲಿಯಲ್ಲಿ ಜನ ಓಡಾಡುತ್ತಿದ್ದರು. ಅಂಟಮ್ಮ ಚೂಡಿದಾರದ ವೇಲನ್ನು ಸೊಂಟಕ್ಕೆ ಬಿಗಿದು ಓಡಿದಳು. ಕೊಡೆ ಅಂಗಡಿಯವನು ಹೊರಗೆ ಬಂದು ಏನು ಕಳುವಾಯಿತು ಅಂತ ನೋಡಿದ. ತುದಿಯ ತನಕ ಹೋಗಿ, ತಿರುಗಿ, ವಾಪಸು ಬಂದಳು. ಅಳತೆಯಪ್ಪ ಬಾಗಿಲಲ್ಲಿ ನಿಂತಿದ್ದ. ಅವನ ಕಣ್ಣು ಅಭ್ಯಾಸದಂತೆ ಮೊದಲು ಕೆಳಗೆ ಹೋಯಿತು. ಆಮೇಲೆ ಅವನು ಅದನ್ನು ಭಾರ ಎತ್ತುವವನ ಹಾಗೆ ಮೇಲೆತ್ತಿ ಅವಳ ಮುಖ ನೋಡಿದ.

"ಹೇಗಿದೆ?"

ಅಂಥ ಪ್ರಶ್ನೆಗೆ ಉತ್ತರ ಹುಡುಕುವುದು ಅವಳಿಗೂ ಹೊಸದು. ಚೆನ್ನಾಗಿದೆ ಅನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು, ಅದನ್ನು ನುಂಗಿ ಕಾಲಿನ ಕಡೆ ಮನಸ್ಸು ಕೊಟ್ಟಳು.

"ಗೊತ್ತಾಗ್ತಿಲ್ಲ ರೀ. ಬಲಗಾಲು ಸರಿ. ಎಡಗಾಲಲ್ಲಿ ಮೇಲುಗಡೆ ಏನೋ ಒತ್ತಿದ ಹಾಗೆ."

"ದಾರ ಬಿಗಿಯಾಗಿದೆ" ಅಂದಳು ಹುಡುಗಿ. ಕೆಳಗೆ ಕೂತು ದಾರ ಸಡಿಲ ಮಾಡಿ ಬೇರೆ ಥರ ಕಟ್ಟಿದಳು. "ಈಗ ನೋಡಿ."

ಅಂಟಮ್ಮ ಮತ್ತೆ ಓಡಿದಳು. ಮತ್ತೆ ಅವನು ಕೇಳಿದ. ಒತ್ತುವುದು ಹೋಗಿತ್ತು. ಸಂಶಯ ತೀರದೆ ಅವಳು ಮೂರನೆಯ ಸಲವೂ ಓಡಿದಳು. ಕೊಡೆ ಅಂಗಡಿಯವನು ಸ್ಟೂಲು ತಂದು ಹಾಕಿಕೊಂಡು ಕೂತ. ಶೂ ಬಿಚ್ಚಿಸಿ, ಕಾಲುಚೀಲ ತೆಗೆಸಿ, ಎಲ್ಲಾದರೂ ಕೆಂಪಗಾಗಿದೆಯಾ ಅಂತ ಅಳತೆಯಪ್ಪ ಅಂಗಡಿಯ ಬೆಳಕಿನಲ್ಲೇ ನೋಡಿದ. ಎಲ್ಲೂ ಇರಲಿಲ್ಲ. ಗಿಳಿಹಸಿರು ಶೂ ಮನೆಗೆ ಬಂತು. ಅದಕ್ಕೆ ಅವನು ಎಣ್ಣೆ ಮುಟ್ಟಿಸಲಿಲ್ಲ, ಅವಳು ಅಂಟು ಮುಟ್ಟಿಸಲಿಲ್ಲ. ಮೊದಲು ಮನೆಯೊಳಗೆ ಸ್ವಲ್ಪ ಸ್ವಲ್ಪ ಹೊತ್ತು ಹಾಕಿದಳು, ಆಮೇಲೆ ಮೈದಾನದಲ್ಲಿ ಅರ್ಧ ಸುತ್ತು, ಆಮೇಲೆ ಪೂರ್ತಿ.

ಅಂದಿನಿಂದ ಬೆಳಿಗ್ಗೆಯ ಕೆಲಸ ಶುರುವಾಗುವ ಮೊದಲು ಆ ಮುಂದಿನ ಕೋಣೆಯಲ್ಲಿ ಇನ್ನೊಂದು ಕೆಲಸ ಸೇರಿತು. ಅವಳು ಬೆವರಿಕೊಂಡು ಬಂದು ಗಿರಾಕಿಗಳ ಸ್ಟೂಲಿನ ಮೇಲೆ ಕೂರುವಳು. ಅವನು ಕಿಟಕಿಯ ಬೆಳಕಿಗೆ ತಿರುಗಿ, ಕನ್ನಡಕ ಏರಿಸಿ, ಅವಳ ಪಾದವನ್ನು ತನ್ನ ಮಡಿಲಿಗೆ ಎತ್ತಿಕೊಳ್ಳುವನು. ಅಡಿ, ಹಿಮ್ಮಡಿ, ಬೆರಳ ಸಂದಿ, ಒಂದೂ ಬಿಡದೆ ನೋಡುವನು. ಮೊದಮೊದಲು ಅವಳಿಗೆ ನಾಚಿಕೆ. ಗಂಡನ ಮಡಿಲಲ್ಲಿ ಕಾಲಿಟ್ಟು ಕೂರುವುದು, ಅದೂ ಬೀದಿಗೆ ಬಾಗಿಲು ತೆರೆದಿಟ್ಟು! ಎದುರು ಮನೆಯ ಜಗಲಿಯಿಂದ ಟೈಲರಕ್ಕ "ಏನಮ್ಮಾ, ಹೊಸ ಮದುವಣಗಿತ್ತಿ!" ಅಂತ ಕೂಗುತ್ತಿದ್ದಳು. "ನಿನ್ನ ಗಂಡನಿಗೂ ಹೇಳಿ ತೋರಿಸ್ಕೋ ಹೋಗು" ಅಂತ ಇವಳು ಕೂಗುತ್ತಿದ್ದಳು. ಅವಳ ಪಾದ ಹೇಳದೆ ಬಿಟ್ಟದ್ದನ್ನು ಅವನ ಕಣ್ಣು ಹುಡುಕಬೇಕಿತ್ತು, ಅದು ಕಣ್ಣು ಮುಚ್ಚಿ ಮಾಡುವ ಕೆಲಸ ಆಗಿರಲಿಲ್ಲ.

ಒಂದು ಬೆಳಿಗ್ಗೆ ಹಿಮ್ಮಡಿಯ ಒಳಬದಿಯಲ್ಲಿ ಉಗುರಿನಷ್ಟು ಜಾಗ ಕೆಂಪಗಿತ್ತು. ಒತ್ತಿದ. "ಇಲ್ಲಿ?"

"ಏನೂ ಇಲ್ಲ. ಬಿಡಿ, ಕಾಫಿ ಇಡಬೇಕು."

"ಕಾಲುಚೀಲ ಸುಕ್ಕು ಬಿದ್ದಿದೆ. ನಾಳೆ ಓಟ ಬೇಡ. ನಾಡಿದ್ದು ನೋಡೋಣ."

"ಇಷ್ಟಕ್ಕೆ? ಹೋಗ್ರೀ! ನಾಳೆ ನಾನೂ ಟೈಲರಕ್ಕನೂ ನೀರಿನ ಟ್ಯಾಂಕಿನ ತನಕ ಹೋಗೋದು ಅಂತ ಮಾತಾಗಿದೆ."

"ಟ್ಯಾಂಕು ಎಲ್ಲೂ ಹೋಗಲ್ಲ."

"ನಿಮಗೆ ಏನು ಗೊತ್ತು ಓಟದ ವಿಷಯ, ಕೂತಲ್ಲೇ ಕೂರೋರಿಗೆ? ಜೀವನದಲ್ಲಿ ಒಂದು ಬಸ್ಸು ಹಿಡಿಯೋದಕ್ಕೂ ಓಡಿದವರಲ್ಲ..."

ಅವಳು ಬೈಯುತ್ತಲೇ ಇದ್ದಳು. ಅವನು ತಲೆ ತಗ್ಗಿಸಿ ಆ ಕೆಂಪು ಜಾಗದ ಮೇಲೆ ಮುಲಾಮು ಸವರುತ್ತಲೇ ಇದ್ದ. ಆದರೆ ಅವಳು ಕಾಲನ್ನು ಹಿಂದಕ್ಕೆ ಎಳೆದುಕೊಳ್ಳಲಿಲ್ಲ.